ಖಾಲಿ ಜಾಗದ ಲೆಕ್ಕ ಬರೆಯೋರ್ಯಾರು?

ಜುಲೈ ಬಂತು ಅಂದ್ರೆ ಊರಿಂದ ಆಯಿಯ ಫೋನು ಒಂದೇ ಪ್ರಶ್ನೆಯಿಂದ ಶುರುವಾಗುತ್ತೆ. "ತಮಾ, ಡ್ಯಾಮು ಎಷ್ಟು ಅಡಿ ಆತಡ?"

ನಮ್ಮೂರು ಹೊನ್ನಾವರ ತಾಲೂಕಿನಲ್ಲಿ, ಶರಾವತಿ ದಂಡೆ ಮೇಲೆ. ನಮ್ಮ ಕಡೆ ಡ್ಯಾಮು ಅಂದ್ರೆ ಲಿಂಗನಮಕ್ಕಿ. ಬೆಂಗಳೂರಲ್ಲಿ ಕೂತು, ಮೊಬೈಲಲ್ಲಿ ಪೇಪರ್ ತೆಗೆದು, "1808" ಅಂತೀನಿ. ಆ ಕಡೆಯಿಂದ ತಕ್ಷಣ ಎರಡನೇ ಪ್ರಶ್ನೆ. "ಹಂಗಾರೆ ಪಂಪು ಮೇಲೆ ತರ್ಸವನ?"

ಹೊಳೆ ಅಂಚಿನಲ್ಲಿ ಇಟ್ಟ ಪಂಪ್‌ಸೆಟ್ಟನ್ನು ತೋಟದ ಮೇಲ್ಭಾಗಕ್ಕೆ ಹೊತ್ತು ತರೋಕೆ ಇಬ್ಬರು ಆಳು ಬೇಕು, ಅರ್ಧ ದಿನ ಬೇಕು. ಮಳೆಗಾಲದಲ್ಲಿ ಆಳು ಸಿಗೋದು ಎಷ್ಟು ಕಷ್ಟ ಅಂತ ತೋಟ ಇದ್ದೋರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಆಯಿಗೆ ಬೇಕಾಗಿರೋದು ಒಂದೇ ಮಾಹಿತಿ, ಗೇಟು ತೆಗೆಯೋಕೆ ಇನ್ನೆಷ್ಟು ದಿನ ಇದೆ? ನನ್ನ ಹತ್ರ ವರ್ಷಗಟ್ಟಲೆ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಬಿಇ ಓದಿದ್ದೀನಿ, ಹತ್ತು ಹನ್ನೆರಡು ವರ್ಷದಿಂದ ಸಂಖ್ಯೆಗಳ ಜೊತೆನೇ ಸಂಸಾರ, ಆದ್ರೂ 1808 ಅನ್ನೋ ಅಂಕಿಯಿಂದ ಒಂದು ಪಂಪಿನ ಭವಿಷ್ಯ ಹೇಳೋಕೆ ಆಗ್ತಿರಲಿಲ್ಲ. ಮೊದಲೆಲ್ಲ ನನಗೇ ಅರ್ಥ ಆಗ್ತಿಲ್ಲ ಅಂದ್ಕೊಂಡಿದ್ದೆ. ಈಗ ಅನ್ನಿಸ್ತಿದೆ, ತಪ್ಪು ನನ್ನದಲ್ಲ, ಪೇಪರಿನ ಆ ಚೌಕದ್ದು.

ಯಾವ ಚೌಕ ಅಂತ ಗೊತ್ತಲ್ಲ? ಮಳೆಗಾಲದಲ್ಲಿ ಎಲ್ಲ ಕನ್ನಡ ಪತ್ರಿಕೆಗಳೂ ಹಾಕೋ "ಜಲಾಶಯಗಳ ನೀರಿನ ಮಟ್ಟ" ಅನ್ನೋ ಕೋಷ್ಟಕ. ಎಡಗಡೆ ಡ್ಯಾಮಿನ ಹೆಸರು, ಪಕ್ಕದಲ್ಲಿ ಗರಿಷ್ಠ ಮಟ್ಟ, ಅದರ ಪಕ್ಕ ಇಂದಿನ ಮಟ್ಟ. ಕಾದಂಬರಿ, ಸಿನಿಮಾ, ನಾಟಕಕ್ಕೆಲ್ಲ ವಿಮರ್ಶೆ ಬರೆಯುತ್ತೇವೆ. ರಾಜ್ಯದಲ್ಲಿ ಇಷ್ಟೊಂದು ಜನ ದಿನಾ ಓದೋ ಈ ನಾಲ್ಕು ಸಾಲಿನ ಸಾಹಿತ್ಯಕ್ಕೆ ಯಾರಾದ್ರೂ ವಿಮರ್ಶೆ ಬರೆದದ್ದು ನಾನಂತೂ ನೋಡಿಲ್ಲ. ಹಾಗಾಗಿ ಈ ಪ್ರಯತ್ನ.

ಮೊದಲು ಸೊನ್ನೆಯ ವಿಷಯ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಕೆಆರ್‌ಎಸ್‌ನದು 124.80 ಅಡಿ. ಭದ್ರಾದ್ದು 186. ಆಲಮಟ್ಟಿಯದು 519.60, ಅದು ಮೀಟರು. ಎಲ್ಲವೂ ಒಂದೇ ಕಾಲಂನಲ್ಲಿ ಒಂದರ ಕೆಳಗೊಂದು ಕೂತಿರುತ್ತವೆ. ಲಿಂಗನಮಕ್ಕಿಯ 1819 ಸಮುದ್ರ ಮಟ್ಟದಿಂದ ಎಣಿಸಿದ್ದು. ಕೆಆರ್‌ಎಸ್‌ನ 124.80 ನದಿಯ ತಳದಿಂದ ಎಣಿಸಿದ್ದು. ಅಂದ್ರೆ ಒಬ್ಬನ ಎತ್ತರವನ್ನು ಅಂಗಾಲಿಂದ ಅಳೆದು, ಇನ್ನೊಬ್ಬನದನ್ನು ಮಂಗಳೂರು ಬಂದರಿಂದ ಅಳೆದು, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದ ಹಾಗೆ. ನಮ್ಮ ಆಫೀಸಲ್ಲಿ ಹೊಸದಾಗಿ ಸೇರಿದ ಹುಡುಗ ಇಂಥ ಟೇಬಲ್ ಮಾಡಿಕೊಂಡು ಬಂದ್ರೆ ರಿವ್ಯೂನಲ್ಲಿ ಪಾಸ್ ಆಗಲ್ಲ. ನಾವು ಮಾತ್ರ ತಲೆಮಾರುಗಳಿಂದ ಪಾಸ್ ಮಾಡ್ತಾ ಬಂದಿದ್ದೇವೆ.

ಇದು ಸಣ್ಣ ದೋಷ, ಬಿಡಿ. ಅವರವರ ಡ್ಯಾಮಿನ ಅಂಕಿ ಅವರವರಿಗೆ ಬಾಯಿಪಾಠ. ಮಂಡ್ಯದವರಿಗೆ 124.80 ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ದೋಷ ಬೇರೆ ಇದೆ. ಅಡಿ ಅನ್ನೋದು ನೀರಿನ ಅಳತೆಯೇ ಅಲ್ಲ.

ಜಲಾಶಯ ನೆಟ್ಟಗೆ ನಿಂತ ಡ್ರಮ್ಮಿನ ಹಾಗಿರಲ್ಲ, ಕೆಳಗೆ ಕಿರಿದಾಗಿ ಮೇಲೆ ಹೋದ ಹಾಗೆ ಅಗಲವಾಗೋ ಬೋಗುಣಿ ಥರ ಇರುತ್ತೆ. ಕೆಆರ್‌ಎಸ್ ನೂರು ಅಡಿ ತಲುಪಿದ ದಿನ ಟಿ.ವಿ.ಯವರು "ಶತಕ" ಅಂತ ಪಟಾಕಿ ಹಚ್ಚೋದು ಬಾಕಿ. ಅವತ್ತು ಎತ್ತರದಲ್ಲಿ ಶೇ. 80 ಆಗಿರುತ್ತೆ, ನೀರಿನ ಲೆಕ್ಕದಲ್ಲಿ ಅರ್ಧವೂ ತುಂಬಿರಲ್ಲ. ಉಳಿದ ಅರ್ಧಕ್ಕಿಂತ ಹೆಚ್ಚು ನೀರು ಮೇಲಿನ 25 ಅಡಿಯಲ್ಲೇ ಕೂರಬೇಕು. ಲಿಂಗನಮಕ್ಕಿ ಇನ್ನೂ ಚಪ್ಪಟೆ. ತುಂಬಿದಾಗ ನೀರು ಹರಡಿಕೊಳ್ಳೋದು ಸುಮಾರು 300 ಚದರ ಕಿಲೋಮೀಟರ್. ಅಷ್ಟು ಜಾಗದ ಮೇಲೆ ಒಂದು ಅಡಿ ನೀರು ಅಂದ್ರೆ ಎಷ್ಟು ಅಂತ ಗುಣಿಸಿ ನೋಡಿ, ಮೂರು ಟಿಎಂಸಿಗೂ ಹೆಚ್ಚು. ತಳದ ಹತ್ರದ ಒಂದು ಅಡಿಯಲ್ಲಿ ಇದರ ಸಣ್ಣ ಪಾಲೂ ಇರಲ್ಲ. ಆದ್ರೆ ಪೇಪರಲ್ಲಿ ಎರಡೂ "ಒಂದು ಅಡಿ ಏರಿಕೆ"ಯೇ, ಒಂದೇ ಅಳತೆಯ ಖುಷಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಅಡಿ ಲೆಕ್ಕವೇ ಸರಿಯಾದ ಲೆಕ್ಕ ಆಗಿದ್ದ ಒಂದು ಗುಂಪು ಇತ್ತು, ಹೊಳೆಬಾಗಿಲಿನ ಲಾಂಚ್ ನೆಚ್ಚಿಕೊಂಡ ತುಮರಿ ಕಡೆಯ ಜನ. ಹಿನ್ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸೋದು ನಿಂತುಹೋಗ್ತಿತ್ತು. ಅವರಿಗೆ ಟಿಎಂಸಿ ಕಟ್ಟಿಕೊಂಡು ಏನಾಗಬೇಕು, ದಡಕ್ಕೆ ನೀರು ತಾಗುತ್ತಾ ಇಲ್ವಾ ಅಷ್ಟೇ. 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಆ ಓದುಗರೂ ಕಡಿಮೆಯಾದರು. ಈ ಡ್ಯಾಮಿಗಾಗಿ ಮನೆ ಜಮೀನು ಮುಳುಗಿಸಿಕೊಂಡವರಿಗೆ ಆ ಸೇತುವೆ ಬರೋಕೆ 1964ರಿಂದ 2025ರವರೆಗೆ ಕಾಯಬೇಕಾಯ್ತು. ಅದನ್ನು ಬರೆಯೋಕೆ ಹೊರಟರೆ ಬೇರೆ ಲೇಖನವೇ ಆಗುತ್ತೆ.

ಈಗ ಲಿಂಗನಮಕ್ಕಿ ಯಾಕೆ ಇದೆ ಅನ್ನೋದಕ್ಕೆ ಬರೋಣ. ಅದು ಗದ್ದೆಗೆ ನೀರು ಬಿಡೋಕೆ ಕಟ್ಟಿದ ಡ್ಯಾಮಲ್ಲ, ಕರೆಂಟಿಗಾಗಿ ಕಟ್ಟಿದ್ದು. ನೀರು ಅಲ್ಲಿಂದ ತಳಕಳಲೆಗೆ ಹೋಗಿ, ಅಲ್ಲಿಂದ ಪೈಪಿನಲ್ಲಿ ಘಟ್ಟ ಇಳಿದು, 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತೆ. ನಾನ್ನೂರು ಮೀಟರಿಗೂ ಹೆಚ್ಚಿನ ಇಳಿಜಾರು. ಭೌತಶಾಸ್ತ್ರದ ಹಳೇ ಸೂತ್ರ ಹಾಕಿ ಲೆಕ್ಕ ಮಾಡಿದೆ, ಒಂದು ಟಿಎಂಸಿ ನೀರಿಗೆ ಹೆಚ್ಚುಕಮ್ಮಿ 3 ಕೋಟಿ ಯೂನಿಟ್ ಬರುತ್ತೆ. ಅದೇ ನೀರು ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟಿನ ಇನ್ನೊಂದು ಕೇಂದ್ರಕ್ಕೆ ಸಿಗೋದು ಬೇರೆ. ಅಂದ್ರೆ ಲಿಂಗನಮಕ್ಕಿಯ ಮೇಲ್ಭಾಗದ ಒಂದು ಅಡಿ ನೀರು ಸುಮಾರು 10 ಕೋಟಿ ಯೂನಿಟ್ ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೇರಿಸಿಟ್ಟುಕೊಂಡು ಮುಂದಿನ ಮೇ ಕೊನೆಯ ತನಕ ತಿನ್ನಬೇಕಾದ ಬುತ್ತಿ ಅದು. ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆಗೆ, ಪಾವಗಡದ ಸೋಲಾರ್ ಮಲಗಿದ ಮೇಲೆ, ಇಡೀ ರಾಜ್ಯ ಫ್ಯಾನು ಹಾಕಿಕೊಂಡಾಗ ಒಂದು ಗುಂಡಿ ಒತ್ತಿ ಕೆಲವೇ ನಿಮಿಷದಲ್ಲಿ ಎಬ್ಬಿಸಬಹುದಾದ ಯಂತ್ರ ಇದು. ಕಲ್ಲಿದ್ದಲಿನ ಘಟಕ ಹಾಗೆ ಏಳಲ್ಲ.

ಹೀಗಿರುವಾಗ ಆ ಬುತ್ತಿ ಕಾಯೋರಿಗೆ ಡ್ಯಾಮು ತುಂಬಿಸಿಕೊಳ್ಳಬೇಕು ಅನ್ನೋ ಆಸೆ ಸಹಜ. ತುಂಬೋ ಮೊದಲೇ ಗೇಟು ತೆಗೆದರೆ ನೀರು ಯಂತ್ರ ಬಿಟ್ಟು ಜೋಗದ ಬಂಡೆ ಮೇಲಿಂದ ಹೋಗುತ್ತೆ. ಅಲ್ಲಿ ಸೆಲ್ಫಿಗೆ ಚೆಂದ, ಶರಾವತಿಯ ದೊಡ್ಡ ಪವರ್‌ಹೌಸಿಗೆ ನಷ್ಟ. ಮತ್ತೆ ನಮ್ಮ ಪತ್ರಿಕೆಗಳ ವರಸೆ ನೋಡಿ. ಗೇಟು ತೆಗೆದ ದಿನ ಮುಖಪುಟದಲ್ಲಿ "ಜೋಗಕ್ಕೆ ಜೀವಕಳೆ", ಬಣ್ಣದ ಫೋಟೋ. ಅದೇ ದಿನ ಉತ್ತರ ಕನ್ನಡದ ಒಳಪುಟದಲ್ಲಿ "ನದಿಪಾತ್ರದ ಜನರಿಗೆ ಎಚ್ಚರಿಕೆ". ಎರಡೂ ಒಂದೇ ನೀರು ಅಂತ ಎರಡು ಪುಟಗಳಿಗೂ ಗೊತ್ತಿರಲ್ಲ.

ಆ ಚೌಕ ಹೇಳದೇ ಇರೋ ಮುಖ್ಯ ವಿಷಯ ಅಂದ್ರೆ ಇದೇ. ಡ್ಯಾಮಿನಲ್ಲಿ ನೀರು ಎಷ್ಟು ಮುಖ್ಯವೋ, ಮಳೆಗಾಲದಲ್ಲಿ ಖಾಲಿ ಜಾಗವೂ ಅಷ್ಟೇ ಮುಖ್ಯ. ನಮ್ಮ ಸರ್ವರ್‌ಗಳಲ್ಲಿ ಡಿಸ್ಕು ಶೇ. 80 ತುಂಬಿದ ಕೂಡಲೇ ಅಲಾರಂ ಹೊಡೆಯುತ್ತೆ, ಮಧ್ಯರಾತ್ರಿ ಎದ್ದು ಜಾಗ ಮಾಡಬೇಕು. ಶೇ. 100 ತುಂಬಿತು ಅಂತ ಮ್ಯಾನೇಜರು ಬಂದು ಬಾಗಿನ ಬಿಟ್ಟಿದ್ದು ನಾನು ನೋಡಿಲ್ಲ. ಡ್ಯಾಮಿಗೆ ಬಾಗಿನ ಬಿಡಬೇಡಿ ಅಂತಲ್ಲ. ಅಕ್ಟೋಬರಿನಲ್ಲಿ ತುಂಬಿದ ಡ್ಯಾಮಿಗೆ ಎರಡು ಬಾಗಿನ ಬಿಡಲಿ. ಜುಲೈ ಮೂರನೇ ವಾರಕ್ಕೇ ತುಂಬಿದ ಡ್ಯಾಮು ಅಂದ್ರೆ ಆಗಸ್ಟಿನ ಮಳೆಗೆ ಜಾಗ ಇಲ್ಲದ ಡ್ಯಾಮು. ಎರಡಕ್ಕೂ ಒಂದೇ ತಲೆಬರಹ ಹಾಕೋದು ಸರಿಯಲ್ಲ.

ಸ್ವಲ್ಪ ಅಂಕಿ ಸಹಿಸಿಕೊಳ್ಳಿ. ಹತ್ತೂ ಯಂತ್ರ ಇಪ್ಪತ್ನಾಲ್ಕು ಗಂಟೆ ಪೂರ್ತಿ ಓಡಿದರೂ ದಿನಕ್ಕೆ ಕುಡಿಯೋದು ಮುಕ್ಕಾಲು ಟಿಎಂಸಿ ಆಸುಪಾಸು. ಲಿಂಗನಮಕ್ಕಿಗೆ ನೀರು ಬರೋ ಪ್ರದೇಶ, ಅಂದ್ರೆ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಗುಡ್ಡಬೆಟ್ಟ, ಸುಮಾರು 1990 ಚದರ ಕಿಲೋಮೀಟರ್. ಅಷ್ಟೂ ಜಾಗದಲ್ಲಿ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದು, ನೆಲ ಮೊದಲೇ ನೆಂದಿದ್ದು, ಬಹುಪಾಲು ಹರಿದು ಬಂತು ಅಂದ್ಕೊಳ್ಳಿ. ಆರೇಳು ಟಿಎಂಸಿ. ಘಟ್ಟದ ಮಳೆ ಕಂಡೋರಿಗೆ ದಿನಕ್ಕೆ 100 ಮಿಲಿಮೀಟರ್ ಅಂದ್ರೆ ಆಶ್ಚರ್ಯವೇ ಅಲ್ಲ. ಬರೋದು ಆರು, ಯಂತ್ರ ಕುಡಿಯೋದು ಮುಕ್ಕಾಲು. ಮಿಕ್ಕಿದ್ದು ಇರೋ ಖಾಲಿ ಜಾಗದಲ್ಲಿ ಕೂರಬೇಕು, ಇಲ್ಲಾ ನಮ್ಮೂರಿಗೆ ಬರಬೇಕು. ಕೆಳಗಿನ ಗೇರುಸೊಪ್ಪೆ ಅಣೆಕಟ್ಟು ಪುಟ್ಟದು, ಅದು ತಡೆದು ಇಟ್ಟುಕೊಳ್ಳೋಕೆ ಆಗೋದಿಲ್ಲ, ಬಂದದ್ದನ್ನು ದಾಟಿಸುತ್ತೆ ಅಷ್ಟೆ.

ಈ ಚೌಕ ಟಿ.ವಿ. ಪರದೆಗೆ ಹತ್ತಿದರೆ ಏನಾಗುತ್ತೆ ಅಂತ ನೋಡೋಕೆ 2018ರ ಕೇರಳಕ್ಕೆ ಹೋಗಬೇಕು. ಇಡುಕ್ಕಿಯೂ ಕರೆಂಟಿಗಾಗಿಯೇ ಕಟ್ಟಿದ ಡ್ಯಾಮು, ಕೆಳಗೆ ಮೂಲಮಟ್ಟಂನಲ್ಲಿ 780 ಮೆಗಾವ್ಯಾಟಿನ ಪವರ್‌ಹೌಸ್. ಪೂರ್ಣ ಮಟ್ಟ 2403 ಅಡಿ. ಜುಲೈ ಕೊನೆಗೇ ನೀರು 2395 ಅಡಿ ಮುಟ್ಟಿತು, ಆರೆಂಜ್ ಅಲರ್ಟ್ ಕೊಟ್ಟರು. ಅಲ್ಲಿಂದ ಚಾನೆಲ್‌ಗಳಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಅಡಿ, ಅಡಿಯ ದಶಮಾಂಶ. ಶಟರ್ ಯಾವಾಗ ತೆಗೀತಾರೆ ಅನ್ನೋದೇ ಚರ್ಚೆ, 26 ವರ್ಷದ ನಂತರದ ದೃಶ್ಯ ಅಂತ. ಆಗಸ್ಟ್ 9ಕ್ಕೆ ಚೆರುತೋಣಿಯಲ್ಲಿ ಮೊದಲ ಶಟರ್ ಎತ್ತಿದರು. ಅಷ್ಟು ಹೊತ್ತಿಗೆ ಜಾಗ ಹೆಚ್ಚೇನೂ ಉಳಿದಿರಲಿಲ್ಲ. ಆಮೇಲೆ ಆಗಸ್ಟ್ ಮಧ್ಯದಲ್ಲಿ ಬಂತು ನೋಡಿ ಮಳೆ.

ಪ್ರವಾಹಕ್ಕೆ ಡ್ಯಾಮುಗಳೇ ಕಾರಣ ಅಂತ ಹೇಳಿ ಕೈ ತೊಳೆದುಕೊಳ್ಳೋದು ನನ್ನ ಉದ್ದೇಶ ಅಲ್ಲ. ಆ ಆಗಸ್ಟಿನ ಮೊದಲ 19 ದಿನದಲ್ಲಿ ಕೇರಳದಲ್ಲಿ ವಾಡಿಕೆಗಿಂತ ಎರಡೂವರೆ ಪಟ್ಟು ಮಳೆ ಬಿದ್ದಿತ್ತು. ಮಳೆಯೇ ಮುಖ್ಯ ಕಾರಣ, ಡ್ಯಾಮುಗಳ ಪಾತ್ರ ಕಡಿಮೆ ಅಂತ ಕೇಂದ್ರ ಜಲ ಆಯೋಗ ವರದಿ ಕೊಟ್ಟಿತು. ಹೈಕೋರ್ಟ್ ನೇಮಿಸಿದ ಅಮಿಕಸ್ ಕ್ಯೂರಿ 2019ರಲ್ಲಿ ಬೇರೆ ಮಾತು ಹೇಳಿದರು. ಪ್ರವಾಹಕ್ಕೆ ಅಂತ ಜಾಗ ಕಾದಿರಿಸಲಿಲ್ಲ, ಮೊದಲೇ ಹಂತಹಂತವಾಗಿ ಬಿಡಲಿಲ್ಲ ಅಂತ. ನನಗೆ ಎರಡರಲ್ಲೂ ಹುರುಳು ಕಾಣುತ್ತೆ. ಅಷ್ಟು ಮಳೆಯನ್ನು ಯಾವ ಡ್ಯಾಮೂ ನುಂಗಲ್ಲ, ನಿಜ. ಜುಲೈ 31ಕ್ಕೆ ಭರ್ತಿ ಹತ್ರ ಇದ್ದದ್ದಕ್ಕೆ ನುಂಗೋ ಪ್ರಯತ್ನ ಮಾಡೋಕೂ ಜಾಗ ಸಾಲಲಿಲ್ಲ, ಇದೂ ನಿಜ. ಆಮೇಲೆ ಅಲ್ಲಿ ರೂಲ್ ಕರ್ವ್ ಅನ್ನೋ ಶಬ್ದ ಬೀದಿ ಮಾತಾಯ್ತು. ವರ್ಷದ ಇಂಥ ತಾರೀಕಿಗೆ ನೀರು ಇಂಥ ಮಟ್ಟ ದಾಟಬಾರದು ಅಂತ ಮೊದಲೇ ಗೀಟು ಎಳೆದಿಡೋದು. ಜೂನಿನಲ್ಲಿ ಗೀಟು ಕೆಳಗೆ ಇರುತ್ತೆ, ಮಳೆಗಾಲ ಮುಗೀತಾ ಬಂದ ಹಾಗೆ ಮೇಲೆ ಏರುತ್ತೆ. 2021ರ ಅಕ್ಟೋಬರಿನಲ್ಲಿ ಇಡುಕ್ಕಿ ಪೂರ್ತಿ ತುಂಬೋ ಮೊದಲೇ ಶಟರ್ ತೆಗೆದರು. ದೃಶ್ಯಕ್ಕೆ ಕಾದು ಕೂರಲಿಲ್ಲ.

ಹಾಗಾದ್ರೆ ಲಿಂಗನಮಕ್ಕಿಯನ್ನೂ ಜುಲೈ ಪೂರ್ತಿ ಅರ್ಧ ಖಾಲಿ ಇಡಿ ಅಂತೀಯಾ? ಕೇಳ್ತೀರಿ, ಕೇಳಬೇಕು. 2023ನ್ನು ನೆನಪಿಸಿಕೊಳ್ಳಿ. ಜುಲೈಯಲ್ಲಿ ಚೆನ್ನಾಗಿ ಸುರಿದು, ಆಗಸ್ಟ್ ಕೈಕೊಟ್ಟಿತು. ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಅದು. ಆ ಜುಲೈಯಲ್ಲಿ ಯಾರಾದ್ರೂ ಪ್ರವಾಹಕ್ಕೆ ಜಾಗ ಮಾಡ್ತೀನಿ ಅಂತ ನೀರು ಬಿಟ್ಟಿದ್ದರೆ ಇವತ್ತಿಗೂ ಅವರನ್ನು ಬೈಯ್ಯುತ್ತಿದ್ದೆವು. ಅಕ್ಟೋಬರಿಗೆ ರಾಜ್ಯದಲ್ಲಿ ಕರೆಂಟಿಗೆ ಹಾಹಾಕಾರ, ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿ ಖಾಸಗಿಯವರ ಕರೆಂಟು ಹೊರಗೆ ಹೋಗದ ಹಾಗೆ ಮಾಡಬೇಕಾಯ್ತು. ಪಂಪ್‌ಸೆಟ್ಟಿಗೆ ಮೂರು ಫೇಸ್ ಸಿಗದೆ ರೈತರು ರಸ್ತೆಗಿಳಿದರು. ಡ್ಯಾಮು ನಡೆಸೋರ ಕುರ್ಚಿಯಲ್ಲಿ ಕೂತರೆ ಎರಡೂ ಕಡೆ ಕತ್ತಿ. ಬಿಟ್ಟರೆ ಬರಗಾಲದ ಶಾಪ, ಹಿಡಿದರೆ ನೆರೆಯ ಶಾಪ. ನಾನು ಅವರನ್ನು ಬೈಯ್ಯೋಕೆ ಈ ಲೇಖನ ಬರೀತಿಲ್ಲ. ಅವರು ದಿನಾ ಮಾಡೋ ಈ ಜೂಜು ಎಂಥದ್ದು ಅಂತ ನಮಗೆ ತಿಳಿಸಬೇಕಾದ ಚೌಕ "1808" ಅಂತ ಹೇಳಿ ಸುಮ್ಮನಾಗುತ್ತಲ್ಲ, ನನ್ನ ತಕರಾರು ಅದರ ಮೇಲೆ.

ಅರ್ಧ ಸುದ್ದಿ ಓದಿ ಬೆಳೆದರೆ ನಿರ್ಧಾರಗಳೂ ಅರ್ಧ ಆಗುತ್ತವೆ. 2019ರಲ್ಲಿ ಬೆಂಗಳೂರಿಗೆ ಲಿಂಗನಮಕ್ಕಿಯಿಂದ ಕುಡಿಯೋ ನೀರು ತರೋ ಮಾತು ಬಂತು. ಮೊದಲ ಹಂತಕ್ಕೆ 30 ಟಿಎಂಸಿ ಅಂತ ಸುದ್ದಿ. ಶಿವಮೊಗ್ಗದಲ್ಲಿ ಬಂದ್ ಆಯ್ತು. ನಮ್ಮ ಆಫೀಸಿನ ಊಟದ ಟೇಬಲಿನಲ್ಲಿ ಕೇಳಿದ ಮಾತು ಮಾತ್ರ ಇಷ್ಟೇ, "151 ಟಿಎಂಸಿ ಇದೆಯಂತೆ, 30 ಕೊಡೋಕೆ ಏನು ಕಷ್ಟ?" 151.64 ಅನ್ನೋದು ಪಾತ್ರೆಯ ಅಳತೆ. ಪ್ರತಿ ವರ್ಷ ಅಷ್ಟು ಹಾಲು ಕರೀತೀವಿ ಅಂತ ಅರ್ಥ ಅಲ್ಲ. ಆ 30 ಟಿಎಂಸಿ ಯಂತ್ರಕ್ಕೆ ಹೋಗದಿದ್ದರೆ ಸುಮಾರು 90 ಕೋಟಿ ಯೂನಿಟ್ ಹೋಯ್ತು. ಅಲ್ಲಿಗೆ ಮುಗೀಲಿಲ್ಲ. ಲಿಂಗನಮಕ್ಕಿಯ ನೀರು ಇರೋದು ಸಮುದ್ರ ಮಟ್ಟದಿಂದ ಸುಮಾರು 555 ಮೀಟರ್ ಮೇಲೆ, ಬೆಂಗಳೂರು 900 ಮೀಟರ್ ಮೇಲೆ. ಘಟ್ಟ ಇಳಿದು ಕರೆಂಟು ಕೊಡ್ತಿದ್ದ ನೀರನ್ನು ತಿರುಗಿಸಿ, ಕರೆಂಟು ಖರ್ಚು ಮಾಡಿ ಮುನ್ನೂರೈವತ್ತು ಮೀಟರ್ ಹತ್ತಿಸಬೇಕು. ಪೈಪಿನ ಉದ್ದಕ್ಕೆ ಆಗೋ ನಷ್ಟ ಸೇರಿಸದೆಯೇ ಮತ್ತೆ ಅಷ್ಟೇ ಯೂನಿಟ್ ಬೇಕು. ಬೆಂಗಳೂರಿಗೆ ನೀರು ಬೇಡ ಅನ್ನೋಷ್ಟು ಕಲ್ಲು ಮನಸ್ಸು ನನಗಿಲ್ಲ, ನಾನೂ ಇಲ್ಲೇ ಟ್ಯಾಂಕರ್ ಕಾಯೋನು. ಆದ್ರೆ ಈ ಲೆಕ್ಕ ಊಟದ ಟೇಬಲಿಗೆ ಯಾಕೆ ಬರಲಿಲ್ಲ ಅಂದ್ರೆ, ದಿನಾ ಓದೋ ಚೌಕದಲ್ಲಿ ಡ್ಯಾಮು ಅಂದ್ರೆ ಒಂದು ತುಂಬಿದ ಪಾತ್ರೆ, ಅಷ್ಟೇ.

ಮಾಹಿತಿ ಇಲ್ಲ ಅಂತಲೂ ಅಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾ ಬಿಡೋ ಪಟ್ಟಿಯಲ್ಲಿ ಟಿಎಂಸಿ, ಒಳಹರಿವು, ಹೊರಹರಿವು, ಕಳೆದ ವರ್ಷ ಇದೇ ದಿನ ಎಷ್ಟಿತ್ತು, ಎಲ್ಲ ಇರುತ್ತೆ. ಪತ್ರಿಕೆಗೆ ಬರೋ ಹೊತ್ತಿಗೆ ಜಾಗ ಸಾಲದೆ ಕಾಲಂಗಳು ಉದುರುತ್ತವೆ. ಕೆಲವು ಪತ್ರಿಕೆಗಳು ಕಳೆದ ವರ್ಷದ ಅಂಕಿಯನ್ನು ಉಳಿಸಿಕೊಂಡಿವೆ, ಅದಕ್ಕೆ ಮೆಚ್ಚಬೇಕು. ಆದ್ರೆ ಇವತ್ತಿನ ತಾರೀಕಿಗೆ ಎಷ್ಟು ಇರಬೇಕಿತ್ತು ಅನ್ನೋ ಕಾಲಂ ನಾನು ಎಲ್ಲೂ ಕಂಡಿಲ್ಲ. ಕಳೆದ ವರ್ಷದ ಜೊತೆ ಹೋಲಿಸಿದರೆ ಕಳೆದ ವರ್ಷ ಸರಿ ಇತ್ತು ಅಂದ ಹಾಗಾಯ್ತು. ಅದು ಬರಗಾಲದ ವರ್ಷ ಆಗಿದ್ದರೆ? ನನ್ನ ಕೈಗೆ ಆ ಚೌಕ ಕೊಟ್ಟರೆ ಗರಿಷ್ಠ ಮಟ್ಟದ ಕಾಲಂ ತೆಗೆದುಬಿಡ್ತೀನಿ, ಅದು ವರ್ಷವಿಡೀ ಬದಲಾಗಲ್ಲ, ದಿನಾ ಅಚ್ಚು ಹಾಕಿ ಏನು ಪ್ರಯೋಜನ. ಆ ಜಾಗದಲ್ಲಿ "ಇನ್ನು ಎಷ್ಟು ಟಿಎಂಸಿ ಹಿಡಿಯಬಹುದು" ಅಂತ ಬರೀತೀನಿ. ಕರೆಂಟಿನ ಡ್ಯಾಮಾದರೆ ಇರೋ ನೀರಿಗೆ ಎಷ್ಟು ಯೂನಿಟ್ ಅಂತಲೂ.

ಆಯಿಗೆ ಈಗ ಪೇಪರಿನ ಅಂಕಿ ಓದಿ ಹೇಳೋದು ಬಿಟ್ಟಿದ್ದೀನಿ. ಹೋದ ಸಲ ಫೋನ್ ಬಂದಾಗ ಮಟ್ಟ 1812 ಆಸುಪಾಸು ಇತ್ತು, ಒಳಹರಿವು 50 ಸಾವಿರ ಕ್ಯೂಸೆಕ್. ಬಾಕಿ ಏಳು ಅಡಿ, ಅಡಿಗೆ ಮೂರರಂತೆ 21 ಟಿಎಂಸಿ ಜಾಗ. 50 ಸಾವಿರ ಕ್ಯೂಸೆಕ್ ಅಂದ್ರೆ ದಿನಕ್ಕೆ ನಾಲ್ಕೂಕಾಲು ಟಿಎಂಸಿ. ಯಂತ್ರ ಕುಡಿಯೋದು ಕಳೆದರೆ ಮೂರೂವರೆ. ಆರು ದಿನ. ಪೂರ್ತಿ ತುಂಬೋ ತನಕ ಕಾಯೋದಿಲ್ಲ ಅಂತ ಒಂದೆರಡು ದಿನ ಕಳೆದು, "ನಾಲ್ಕು ದಿನ ಅಡ್ಡಿಲ್ಲೆ ಆಯಿ" ಅಂದೆ.

"ಹೊಸನಗರದ ಬದಿ ಮಳೆ ಹ್ಯಾಂಗಿದ್ದಡ?" ಅಂತ ಕೇಳಿದಳು. ಜೋರಿದೆಯಂತೆ ಅಂದೆ.

ಮಾರನೇ ದಿನ ಬೆಳಿಗ್ಗೆಯೇ ಆಳು ಕರೆಸಿ ಪಂಪು ಮೇಲೆ ತರಿಸಿದ್ದಳು.